ತುಟಿಗೆ ತಾಗಿಸಿದ ದಾರ

ಗುಂಡಿ ಸಡಿಲಾದ ಅಂಗಿ ತೊಟ್ಟು ನನ್ನ ಚಿಕ್ಕಮ್ಮನ ಎದುರು ನಿಲ್ಲಬಾರದು. ನಿಂತರೆ ನೀವು ಹೇಳುವ ಒಂದು ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಸಾವಿನ ಸುದ್ದಿ ತನ್ನಿ, ಮದುವೆಯ ಸುದ್ದಿ ತನ್ನಿ, ಅವಳ ಕಣ್ಣು ಮಾತ್ರ ಜೋತಾಡುವ ಆ ಗುಂಡಿಯ ಮೇಲೇ ಇರುತ್ತದೆ. ಒಮ್ಮೆ ಕರೆಂಟ್ ಮೀಟರ್ ನೋಡಲು ಬಂದವನನ್ನು ಬಾಗಿಲಲ್ಲೇ ತಡೆದು, ಅಂಗಿ ಬಿಚ್ಚಿಸುವ ಗೋಜಿಗೂ ಹೋಗದೆ, ಅವನ ಎದೆಯ ಮೇಲೇ ಗುಂಡಿ ಹೊಲಿದು ಕಳಿಸಿದ್ದಳು. ಪಾಪ, ಸೂಜಿ ಎಲ್ಲಿ ಚುಚ್ಚುತ್ತದೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದವನು ಮೀಟರ್ ನೋಡುವುದನ್ನೇ ಮರೆತು ಹೋದ.

ಚಿಕ್ಕಮ್ಮ ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆಯುವ ಅಗಲವಾದ ಕಿಟಕಿ, ಅದರ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಮೊಳೆಗಳಿಗೆ ಸಿಕ್ಕಿಸಿದ ಬಣ್ಣಬಣ್ಣದ ದಾರದ ಉಂಡೆಗಳು. ಹಿಂದಿನ ಎರಡು ಕೋಣೆ ಮತ್ತು ಅಡುಗೆಮನೆಯಲ್ಲಿ ನಮ್ಮ ಮೂವರ ಸಂಸಾರ: ಚಿಕ್ಕಮ್ಮ, ಅವಳ ಅಕ್ಕನಾದ ನನ್ನ ಅಮ್ಮ, ಮತ್ತು ನಾನು. ನಾನು ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವವಳು. ತಲೆಯ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದದ್ದನ್ನೇ ಜನ ನನ್ನ ಹತ್ತಿರ ಬಂದು ಕೇಳುತ್ತಾರೆ, ಹೇಳಿದ ಮೇಲೆ ಇನ್ನೊಮ್ಮೆ ಕೇಳುತ್ತಾರೆ. ಹಾಗಾಗಿ ಒಂದೇ ಮಾತನ್ನು ಯಾರಾದರೂ ಎರಡು ಸಲ ಹೇಳಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ಚಿಕ್ಕಮ್ಮನ ಹತ್ತಿರ ದೊಡ್ಡವರ ಬಟ್ಟೆಯೂ ಬರುತ್ತದೆ. ಆದರೆ ಅವಳ ಜೀವ ಇರುವುದು ಪಕ್ಕದ ಬೀದಿಯ ಶಿಶುವಿಹಾರದಲ್ಲಿ. ಅಲ್ಲಿನ ಮಕ್ಕಳ ಫ್ರಾಕು, ಚಡ್ಡಿ, ಮಲಗುವಾಗ ಹಾಕುವ ಪೈಜಾಮ ಎಲ್ಲವನ್ನೂ ಹೊಲಿಯುವವಳು, ರಿಪೇರಿ ಮಾಡುವವಳು ಇವಳೇ. ಅಷ್ಟು ಚಿಕ್ಕ ಮಕ್ಕಳಿಗೆ ಓದಲು ಬರುವುದಿಲ್ಲವಲ್ಲ, ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡು ರಂಪ ಮಾಡುತ್ತಿದ್ದರು. ಚಿಕ್ಕಮ್ಮ ಒಂದು ಉಪಾಯ ಮಾಡಿದಳು. ಪ್ರತಿ ಮಗುವಿನ ಅಂಗಿಯ ಕಾಲರಿನ ಒಳಗೆ ಒಂದೊಂದು ಬಣ್ಣದ ಗುಂಡಿ. ಕೆಂಪು ಗುಂಡಿಯವನು, ನೀಲಿ ಗುಂಡಿಯವಳು, ಹಳದಿಯಲ್ಲಿ ಎರಡು ತೂತಿನದು ಒಬ್ಬನಿಗೆ, ನಾಲ್ಕು ತೂತಿನದು ಇನ್ನೊಬ್ಬನಿಗೆ. ಜಗಳ ನಿಂತಿತು. ಮಕ್ಕಳು ಅವಳನ್ನು ಗುಂಡಿಯಜ್ಜಿ ಎಂದು ಕರೆಯತೊಡಗಿದರು.

"ಅಜ್ಜಿಯಂತೆ ಅಜ್ಜಿ! ನನ್ನ ಅಕ್ಕನ ತಲೆ ನೋಡಿ, ನನ್ನ ತಲೆ ನೋಡಿ. ಯಾರಿಗೆ ಕೂದಲು ಬೆಳ್ಳಗಾಗಿರೋದು?" ಎಂದು ಬೈಯುತ್ತಿದ್ದಳು. ಆದರೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಮುಖ ಅರಳುತ್ತಿತ್ತು.

ಅವಳ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟಳು. ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು, ಚೆನ್ನಾಗಿ ಯೋಚನೆ ಮಾಡಿ, ಮೈಗೆ ಹೊಂದುತ್ತದೋ ಇಲ್ಲವೋ ಪರೀಕ್ಷೆ ಆಗಬೇಕು ಎಂದೆಲ್ಲ ಹೇಳಿದರೆ, ಅಮ್ಮ ಕೈ ಅಲ್ಲಾಡಿಸಿ ತಳ್ಳಿಹಾಕಿದಳು. "ಅವಳು ಬೆಳೆದಿದ್ದೇ ನನ್ನ ಹಳೇ ಫ್ರಾಕು ಹಾಕ್ಕೊಂಡು, ಡಾಕ್ಟ್ರೇ. ಇದೂ ಸರಿಹೋಗುತ್ತೆ ಬಿಡಿ."

ಸರಿಹೋಯಿತು. ಅಮ್ಮನ ಕಿಡ್ನಿ ಚಿಕ್ಕಮ್ಮನ ಹೊಟ್ಟೆಯಲ್ಲಿ ತನ್ನ ಮನೆಯೇ ಎಂಬಂತೆ ಕೆಲಸ ಶುರು ಮಾಡಿತು. ಆದರೆ ಡಾಕ್ಟರು ಒಂದು ಮಾತು ಒತ್ತಿ ಹೇಳಿದ್ದರು. ಮೈಯೊಳಗೆ ರೋಗದ ಜೊತೆ ಹೊಡೆದಾಡಲು ಒಂದು ಕಾವಲು ಇರುತ್ತದೆ. ಆ ಕಾವಲು ಹೊಸ ಕಿಡ್ನಿಯನ್ನೂ ಕಳ್ಳ ಎಂದುಕೊಂಡು ಮೇಲೆ ಬೀಳುತ್ತದೆ. ಅದನ್ನು ಮಂಪರಿನಲ್ಲಿ ಇಡಲು ಜೀವನಪೂರ್ತಿ ಮಾತ್ರೆ ನುಂಗಬೇಕು. ಕಾವಲು ಮಂಪರಿನಲ್ಲಿದ್ದಾಗ ನಿಜವಾದ ಕಳ್ಳರೂ ಸಲೀಸಾಗಿ ನುಗ್ಗುತ್ತಾರೆ, ಅದಕ್ಕೇ ಊಟ, ನೀರು, ಕೈ ಎಲ್ಲದರ ಮೇಲೂ ನಿಗಾ ಇರಲಿ ಎಂದರು.

ನಿಗಾ ಎಂಬ ಮಾತು ಅಮ್ಮನಿಗೆ ಹೇಳಬಾರದಿತ್ತು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಕುದಿಯದ ನೀರಿಗೆ ಪ್ರವೇಶವಿಲ್ಲ. ಹಸಿ ತರಕಾರಿ ಮನೆಯೊಳಗೆ ಬಂದರೆ ಮೂರು ನೀರಲ್ಲಿ ಮಿಂದು ಬರಬೇಕು. ಚಿಕ್ಕಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ, ಬೇರೆ ಟವೆಲ್. ನಾನು ಕೆಲಸದಿಂದ ಬಂದು ಕೈ ತೊಳೆಯದೆ ಬಾಗಿಲ ಹಿಡಿ ಮುಟ್ಟಿದರೆ, ಅಮ್ಮ ಆ ಹಿಡಿಯನ್ನೇ ಸೋಪಿನಲ್ಲಿ ತಿಕ್ಕುತ್ತಿದ್ದಳು. ಚಿಕ್ಕಮ್ಮನೂ ಕಮ್ಮಿಯಿಲ್ಲ. ಊಟಕ್ಕೆ ಮುಂಚೆ ಮೊಣಕೈವರೆಗೆ ಕೈ ತೊಳೆಯುವಳು. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವಾಗಲೇ ಚಿಕ್ಕಮ್ಮ ಸೊರಗತೊಡಗಿದಳು.

ಮೊದಲು ಹೊಟ್ಟೆ ಹಿಂಡಿದ ಹಾಗೆ ನೋವು. ಆಮೇಲೆ ಭೇದಿ. ಒಂದು ವಾರ ಇರುತ್ತಿತ್ತು, ಒಂದು ವಾರ ಇರುತ್ತಿರಲಿಲ್ಲ. ಸಡಿಲವಾಗುತ್ತಿದ್ದ ತನ್ನ ಅಂಗಿಗಳನ್ನು ತಾನೇ ಮತ್ತೆ ಮತ್ತೆ ಬಿಗಿ ಮಾಡಿ ಹೊಲಿದುಕೊಂಡಳು. ಹಸಿವೆಂಬುದು ಸತ್ತೇ ಹೋಗಿತ್ತು. ಆದರೆ ಅಮ್ಮ ಬಡಿಸಿದ್ದನ್ನು ಮಾತ್ರ ಒಂದು ತುತ್ತೂ ಬಿಡದೆ ತಿನ್ನುತ್ತಿದ್ದಳು. ನುಂಗುವಾಗ ಅವಳ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿರುವುದು ನನಗೆ ಕಾಣುತ್ತಿತ್ತು. "ಬೇಡ ಅಂತ ಹೇಳ್ಬಾರ್ದಾ?" ಎಂದು ಒಮ್ಮೆ ಗದರಿದೆ.

"ಸುಮ್ನಿರೇ. ತಟ್ಟೇಲಿ ಬಿಟ್ರೆ ನಿಮ್ಮಮ್ಮ ಆ ಬಿಟ್ಟಿದ್ದನ್ನೇ ನೋಡ್ತಾ ಕೂತಿರ್ತಾಳೆ."

ಆಸ್ಪತ್ರೆಗೆ ಹೋದೆವು. ಡಾಕ್ಟರು ಮೊದಲು ಮಾತ್ರೆಗಳ ಮೇಲೆ ಅನುಮಾನಪಟ್ಟರು. ಆ ಮಾತ್ರೆಗಳಿಂದಲೂ ಭೇದಿ ಆಗುವುದುಂಟಂತೆ. ಒಂದನ್ನು ಕಡಿಮೆ ಮಾಡಿದರು, ಇನ್ನೊಂದನ್ನು ಬದಲಾಯಿಸಿದರು. ಗುಣ ಕಾಣಲಿಲ್ಲ. ಮೈಯ ನೀರು ಆರಿ ಆರಿ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಅಂಕೆ ಮೇಲೇರತೊಡಗಿತು, ಅದು ಏರಿದಷ್ಟೂ ಕಿಡ್ನಿಗೆ ಕೇಡಂತೆ. ಆಗ ಮಲಪರೀಕ್ಷೆ ಮಾಡಿಸಿದರು. ಅದರಲ್ಲಿ ಮೊಟ್ಟೆಗಳು ಸಿಕ್ಕವು.

"ಲಾಡಿಹುಳು," ಎಂದರು ಡಾಕ್ಟರು. "ಇದು ಸಣ್ಣ ಜಾತೀದು. ಮಾಂಸದಿಂದ ಬರೋ ಉದ್ದದ್ದಲ್ಲ. ಬೆರಳಿನ ಒಂದು ಗೆಣ್ಣಷ್ಟು ಇರುತ್ತೆ, ಅಷ್ಟೆ. ಆದ್ರೆ ಒಂದೆರಡು ಇರಲ್ಲ."

"ಲಾಡೀನಾ?" ಎಂದಳು ಚಿಕ್ಕಮ್ಮ. "ಜೀವನವೆಲ್ಲ ಪೈಜಾಮಕ್ಕೆ ಲಾಡಿ ಹಾಕಿದ್ದಕ್ಕೆ ಇದೇ ಉಡುಗೊರೆ."

ನಾನು ನಕ್ಕೆ. ಡಾಕ್ಟರೂ ನಕ್ಕರು. ಅಮ್ಮ ನಗಲಿಲ್ಲ. "ಹೇಗೆ ಬರುತ್ತೆ ಇದು?" ಎಂದು ಕೇಳಿದಳು.

"ಕೈಯಿಂದ ಬಾಯಿಗೆ. ಕಣ್ಣಿಗೆ ಕಾಣದ ಮೊಟ್ಟೆ. ಗಟ್ಟಿ ಆರೋಗ್ಯ ಇರೋರಲ್ಲಿ ಮೈಯೇ ಅದನ್ನ ಅಂಕೇಲಿ ಇಡುತ್ತೆ. ಇವರಲ್ಲಿ ತಡೆಯೋರೇ ಇಲ್ಲ ನೋಡಿ. ಹೊರಗೆ ಬಂದು ಮತ್ತೆ ಒಳಗೆ ಹೋಗೋದಿರಲಿ, ಒಳಗೊಳಗೇ ಮರಿ ಮಾಡ್ಕೊಂಡು ಹೆಚ್ಚುತ್ತೆ. ಮನೇಲಿ ಸಣ್ಣ ಮಕ್ಕಳಿದಾರಾ?"

"ಮನೇಲಾ? ಇಲ್ಲ," ಎಂದಳು ಚಿಕ್ಕಮ್ಮ. ಕೇಳಿದ್ದಕ್ಕೆ ಉತ್ತರ ಸರಿಯಾಗಿಯೇ ಇತ್ತು. ನಾನೂ ಕಿಟಕಿಯ ಹಿಂದೆ ಕೂತು ಹಾಗೆಯೇ ಉತ್ತರ ಕೊಡುವವಳು, ಕೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವುದಿಲ್ಲ.

ಹುಳುವಿಗೆ ಮಾತ್ರೆ ಕೊಟ್ಟರು. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಕೊಟ್ಟರು. ಚಿಕ್ಕಮ್ಮ ಚೇತರಿಸಿಕೊಂಡಳು, ಯಂತ್ರದ ಸದ್ದು ಮೊದಲಿನಂತೆ ಬೀದಿಗೆ ಕೇಳತೊಡಗಿತು. ಶಿಶುವಿಹಾರದ ಗಂಟುಗಳು ಬಂದವು, ಹೋದವು. ಮತ್ತೆ ಹೊಟ್ಟೆನೋವು ಶುರುವಾಯಿತು. ಮತ್ತೆ ಪರೀಕ್ಷೆ, ಮತ್ತೆ ಮೊಟ್ಟೆ. ನನ್ನನ್ನೂ ಅಮ್ಮನನ್ನೂ ಪರೀಕ್ಷೆ ಮಾಡಿದರು. ನಮ್ಮಲ್ಲಿ ಏನೂ ಇರಲಿಲ್ಲ.

ತನ್ನಲ್ಲಿ ಏನೂ ಇಲ್ಲ ಎಂದು ಗೊತ್ತಾದ ಮೇಲೂ ಅಮ್ಮ ತನ್ನನ್ನು ತಾನು ದೂರುವುದನ್ನು ಬಿಡಲಿಲ್ಲ. ತಂಗಿಯ ಬಾಯಿಗೆ ಹೋಗುವುದೆಲ್ಲ ಹೋಗುವುದು ತನ್ನ ಕೈಯಿಂದ, ಹಾಗಾದರೆ ತಪ್ಪು ತನ್ನ ಕೈಯದೇ ಎಂದು ಅವಳ ಲೆಕ್ಕ. ಉಗುರನ್ನು ಬುಡಕ್ಕೆ ಕತ್ತರಿಸಿಕೊಂಡಳು. ತಿಕ್ಕಿ ತಿಕ್ಕಿ ಅಂಗೈ ಬಿರುಕು ಬಿಟ್ಟಿತು. ಒಂದು ಬೆಳಿಗ್ಗೆ ನಾನು ಏಳುವಾಗ ಒಲೆ ಹಚ್ಚಿರಲಿಲ್ಲ. ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದಳು.

"ಇವತ್ತಿಂದ ನೀನು ಮಾಡು," ಎಂದಳು. "ನಾನೇ ಕೊಟ್ಟ ಕಿಡ್ನೀನ ನಾನೇ ಕೈಯಾರೆ ಹಾಳು ಮಾಡ್ತಿದೀನಿ."

ನನ್ನ ಅಡುಗೆ ಹೇಗಿರುತ್ತದೆಂದು ಬೀದಿಗೇ ಗೊತ್ತು. ಆಲೂಗಡ್ಡೆ ಬೇಯಿಸಿದರೆ ಹೊರಗೆ ಹಿಟ್ಟು, ಒಳಗೆ ಕಲ್ಲು. ಚಿಕ್ಕಮ್ಮ ಅದನ್ನೂ ತುಟಿ ಪಿಟಕ್ಕೆನ್ನದೆ ತಿಂದಳು. ಆದರೆ ತಿನ್ನುವಾಗ ಅವಳ ಕಣ್ಣು ಒಲೆಯ ಪಕ್ಕದ ಖಾಲಿ ಜಾಗದ ಮೇಲಿತ್ತು. ಅವತ್ತು ನನಗೆ ಹುಳುವಿಗಿಂತ ಈ ಅಕ್ಕ ತಂಗಿಯರ ಮೇಲೆಯೇ ಸಿಟ್ಟು ಬಂತು. ಒಬ್ಬಳು ಹಸಿವಿಲ್ಲದೆ ತಿನ್ನುತ್ತಾಳೆ, ಇನ್ನೊಬ್ಬಳು ಕೈ ಇದ್ದೂ ಅಡುಗೆ ಮಾಡುವುದಿಲ್ಲ, ಇಬ್ಬರೂ ಬಾಯಿ ಬಿಟ್ಟು ಒಂದು ಮಾತು ಆಡುವುದಿಲ್ಲ. ಆ ರಾತ್ರಿ ಇಬ್ಬರಿಗೂ ಸೇರಿಸಿ ಬೈದೆ, ಆಮೇಲೆ ನಾನೇ ಅತ್ತೆ.

ಮುಂದಿನ ಸಲ ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರ ಕೋಣೆ ಚಿಕ್ಕದು. ಒಂದು ಮೇಜು, ನಾಲ್ಕು ಕುರ್ಚಿ, ಕೈ ತೊಳೆಯುವ ಬೇಸಿನ್. ಡಾಕ್ಟರು ಎತ್ತರದ ಹೆಂಗಸು, ಮಾತು ಮೆತ್ತಗೆ. ಅವತ್ತು ಅವರ ಮುಖದಲ್ಲಿ ನಗುವಿರಲಿಲ್ಲ.

"ಅಂಕೆ ಮತ್ತೆ ಏರಿದೆ," ಎಂದರು. "ಹೀಗೇ ನೀರು ಆರ್ತಾ ಇದ್ರೆ, ಮಾತ್ರೆ ಮೈಗೆ ಹಿಡೀದೇ ಇದ್ರೆ, ಕಿಡ್ನಿ ಉಳಿಸ್ಕೊಳ್ಳೋದು ಕಷ್ಟ ಆಗುತ್ತೆ. ಹುಳಾನ ಓಡ್ಸೋದು ದೊಡ್ಡ ಮಾತಲ್ಲ. ಮತ್ತೆ ಮತ್ತೆ ಎಲ್ಲಿಂದ ಒಳಗೆ ಹೋಗ್ತಿದೆ ಅನ್ನೋದು ಗೊತ್ತಾಗ್ಬೇಕು."

ಅಮ್ಮ ಬಿರುಕು ಬಿಟ್ಟ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಳು. ಚಿಕ್ಕಮ್ಮನ ಮುಖ ನೋಡಿದೆ. ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವಳ ಕಣ್ಣು ಡಾಕ್ಟರ ಬಿಳಿ ಕೋಟಿನ ಮೇಲೆ ನೆಟ್ಟಿತ್ತು. ಕೋಟಿನ ನಡುವಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

"ಚಿಕ್ಕಮ್ಮಾ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಕಣೇ. ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಆ ಗುಂಡಿ ಬಿದ್ದುಹೋಗುತ್ತೆ. ಹಾಗೇ ಇರಿ, ಬಿಚ್ಚೋದೂ ಬೇಡ, ಎರಡು ನಿಮಿಷದ ಕೆಲಸ."

ಅಂಗಿಯ ಕಾಲರಿನ ಹಿಂಬದಿಯಲ್ಲಿ ಅವಳು ಯಾವಾಗಲೂ ಒಂದು ಸೂಜಿ ಸಿಕ್ಕಿಸಿಕೊಂಡಿರುತ್ತಾಳೆ. ಅದನ್ನು ತೆಗೆದಳು. ಚೀಲದಿಂದ ಬಿಳಿ ದಾರ ಎಳೆದಳು. ನಾನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಹಾಗೆ, ದಾರದ ತುದಿಯನ್ನು ತುಟಿಗಳ ನಡುವೆ ಇಟ್ಟು, ನಾಲಿಗೆಗೆ ತಾಗಿಸಿ, ಬೆರಳಲ್ಲಿ ಹೊಸೆದು ಚೂಪು ಮಾಡಿದಳು. ಸೂಜಿಯ ಕಣ್ಣಿನ ಹತ್ತಿರ ತಂದಳು.

"ನಿಲ್ಲಿ!" ಎಂದರು ಡಾಕ್ಟರು.

ಚಿಕ್ಕಮ್ಮ ಬೆಚ್ಚಿ ಕೈ ಹಿಂದೆಗೆದಳು. "ಚುಚ್ಚಲ್ಲ ಡಾಕ್ಟ್ರೇ, ನನ್ನ ಕೈ ಅಷ್ಟು..."

"ಅದಲ್ಲ. ಈಗ ಏನು ಮಾಡಿದ್ರಿ?"

"ಏನು ಮಾಡ್ದೆ? ದಾರ ಪೋಣಿಸ್ತಿದೀನಿ."

"ದಿನಕ್ಕೆ ಎಷ್ಟು ಸಲ ಹೀಗೆ ಬಾಯಿಗಿಡ್ತೀರಿ?"

ಚಿಕ್ಕಮ್ಮ ನನ್ನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಉಸಿರಾಡುವುದನ್ನು ಯಾರಾದರೂ ಎಣಿಸುತ್ತಾರೆಯೇ?

"ಯಾರ ಬಟ್ಟೆ ಹೊಲೀತೀರಿ?"

"ಎಲ್ಲಾರದೂ. ಜಾಸ್ತಿ ಶಿಶುವಿಹಾರದ್ದು."

"ಒಗೆದು ಕೊಡ್ತಾರಾ?"

"ಹೊಸ ಬಟ್ಟೆ ಆದ್ರೆ ಸರಿ. ರಿಪೇರಿ ಆದ್ರೆ..." ಚಿಕ್ಕಮ್ಮನ ದನಿ ಇಳಿಯಿತು. "ಮಕ್ಕಳ ಮೈಯಿಂದ ಬಿಚ್ಚಿ ಹಾಗೇ ಗಂಟು ಕಟ್ಟಿ ಕೊಡ್ತಾರೆ. ಚಡ್ಡಿಗೆ ಎಲಾಸ್ಟಿಕ್ ಹಾಕೋದಿರುತ್ತಲ್ಲ."

ಮನೆಯಲ್ಲಿ ನಾವು ಬಾಗಿಲ ಹಿಡಿ ತೊಳೆದೆವು, ಲೋಟ ಕುದಿಸಿದೆವು. ಮುಂದಿನ ಕೋಣೆಯಲ್ಲಿ ಅವಳು ಮಕ್ಕಳ ಚಡ್ಡಿ ತಿರುವಿದ ಕೈಯಲ್ಲೇ ದಾರ ಹಿಡಿದು ದಿನವಿಡೀ ನಾಲಿಗೆಗೆ ತಾಗಿಸುತ್ತಿದ್ದಳು. ಅದು ನಮ್ಮ ಕಣ್ಣೆದುರೇ, ಕಿಟಕಿಯ ಬೆಳಕಿನಲ್ಲೇ ನಡೆಯುತ್ತಿತ್ತು. ನಮಗೆ ಅದು ಬಾಯಿಗೆ ಏನೋ ಹೋದ ಹಾಗೆ ಅನಿಸಿಯೇ ಇರಲಿಲ್ಲ. ಅದು ಹೊಲಿಗೆ ಅಷ್ಟೆ.

"ಅಲ್ಲಿಂದಲೇ ಬಂತು ಅಂತ ಆಣೆ ಮಾಡಿ ಹೇಳೋಕಾಗಲ್ಲ," ಎಂದರು ಡಾಕ್ಟರು. "ಆದ್ರೆ ಈ ಹುಳ ಹೆಚ್ಚಾಗಿ ಕಾಣಿಸ್ಕೊಳ್ಳೋದು ಮಕ್ಕಳಲ್ಲೇ. ದಾರಿಯಂತೂ ಇದೇ ಇರ್ಬೇಕು. ಅಡುಗೆಮನೇದಲ್ಲ."

ಚಿಕ್ಕಮ್ಮ ಸೂಜಿ ಹಿಡಿದ ಕೈಯಲ್ಲೇ ಅಮ್ಮನ ಕಡೆ ತಿರುಗಿದಳು. ತನ್ನ ಕಿಡ್ನಿ ಹೋಗುತ್ತದೋ ಉಳಿಯುತ್ತದೋ ಎಂಬ ಯೋಚನೆ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಹಬ್ಬಿದ ನಗು ಮಾತ್ರ ಇತ್ತು. "ಕೇಳಿಸ್ಕೊಂಡ್ಯಾ ಅಕ್ಕಾ? ನಿನ್ನ ಅಡುಗೆ ಅಲ್ವಂತೆ!"

ಅಮ್ಮ ನಗಲಿಲ್ಲ. ಅವಳ ಮುಖ ಇನ್ನಷ್ಟು ಬಿಳುಚಿಕೊಂಡಿತ್ತು. "ದಾರಾನ ನಾಲಿಗೆಗೆ ತಾಗಿಸು, ಚೂಪಾಗುತ್ತೆ ಅಂತ ನಿಂಗೆ ಕಲಿಸಿದ್ದು ಯಾರು?"

ನನಗೆ ಇದು ಗೊತ್ತಿರಲಿಲ್ಲ. ಚಿಕ್ಕವರಿದ್ದಾಗ, ಅಮ್ಮ ತನ್ನ ಹಳೆಯ ಫ್ರಾಕನ್ನು ತಂಗಿಯ ಅಳತೆಗೆ ಮಡಿಸಿ ಹೊಲಿಯುತ್ತಿದ್ದಳಂತೆ. ತಂಗಿ ನಾನೂ ಹೊಲೀತೀನಿ ಎಂದು ಹಟ ಮಾಡಿದಾಗ ಮೊದಲು ಕಲಿಸಿದ್ದೇ ಇದನ್ನಂತೆ. "ಹಾಗಾದ್ರೆ ಅದೂ ನಾನೇ," ಎಂದಳು ಅಮ್ಮ.

"ಹೌದು, ನೀನೇ," ಎಂದಳು ಚಿಕ್ಕಮ್ಮ. "ನೀನು ಸೂಜಿ ಹಿಡಿಯೋದು ಕಲಿಸ್ಲಿಲ್ಲ ಅಂದಿದ್ರೆ ನಾನು ಇಷ್ಟು ವರ್ಷ ಏನು ಮಾಡ್ಕೊಂಡು ಬದುಕ್ತಿದ್ದೆ? ಗುಂಡಿಯಜ್ಜಿ ಅಂತ ಯಾರು ಕರೀತಿದ್ರು? ಕಲಿಸಿದ್ದಕ್ಕೆಲ್ಲ ಅಳ್ತಾ ಕೂತ್ರೆ ಆಯ್ತು ಬಿಡು ಕಥೆ. ಏಳು."

ಆ ಗುಂಡಿಯನ್ನು ಅವತ್ತು ಡಾಕ್ಟರು ಹೊಲಿಯಲು ಬಿಡಲಿಲ್ಲ. ಒಂದು ಪಿನ್ನು ಸಿಕ್ಕಿಸಿಕೊಂಡು, "ನೀವು ಗುಣವಾದ ದಿನ ಹೊಲೀರಿ, ಅಲ್ಲೀವರೆಗೆ ಹೀಗೇ ಇರಲಿ," ಎಂದರು. ಚಿಕ್ಕಮ್ಮನಿಗೆ ಅದು ಮಾತ್ರೆಗಿಂತ ಕಹಿಯಾಯಿತು.

ಶಿಶುವಿಹಾರದ ಮೇಡಂಗೆ ವಿಷಯ ಹೇಳಲು ನಾನೇ ಹೋದೆ. ಒಳ್ಳೆಯ ಹೆಂಗಸು, ಯಾರ ಮೇಲೂ ತಪ್ಪು ಹೊರಿಸಲಿಲ್ಲ, ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿಸಿದರು. ಕೆಲವರಲ್ಲಿ ಹುಳು ಇತ್ತು. ಮಾತ್ರೆ ಕೊಟ್ಟರು, ಮಕ್ಕಳು ಏನೂ ಆಗದವರಂತೆ ಕುಣಿದಾಡಿದರು. ಕೆಲಸ ಕೈತಪ್ಪುತ್ತದೇನೋ ಎಂದು ಚಿಕ್ಕಮ್ಮ ಒಳಗೊಳಗೇ ಹೆದರಿದ್ದಳು. ಹಾಗಾಗಲಿಲ್ಲ. ಅಂದಿನಿಂದ ಗಂಟುಗಳು ಬಿಸಿನೀರಲ್ಲಿ ಒಗೆದು, ಇಸ್ತ್ರಿ ಮಾಡಿಯೇ ಬರತೊಡಗಿದವು.

ಚಿಕ್ಕಮ್ಮನ ಬಾಯಿಯನ್ನು ತಿದ್ದುವುದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಒಣ ದಾರ ಸೂಜಿಯ ಕಣ್ಣಿನ ಬಳಿ ಹೋಗಿ ಕವಲೊಡೆಯುತ್ತಿತ್ತು. ತೆಳು ತಂತಿಯ ಸಣ್ಣ ಸಾಧನವೊಂದು ಸಿಗುತ್ತದಲ್ಲ, ಪೋಣಿಸುವುದಕ್ಕೆಂದೇ, ಅದನ್ನು ತಂದುಕೊಟ್ಟೆ. "ಇದು ಹೊಲಿಗೆ ಬಾರದವರಿಗೆ," ಎಂದು ಬಿಸಾಕಿದಳು. ಜಪ್ಪಯ್ಯ ಎಂದರೂ ಮುಟ್ಟಲಿಲ್ಲ. ಕಡೆಗೆ ಅಮ್ಮ ಎದ್ದಳು. "ಕಲಿಸಿದೋಳು ನಾನು. ಬಿಡಿಸೋಳೂ ನಾನೇ," ಎಂದು ತಂಗಿಯ ಮುಖಕ್ಕೆ ಮಾಸ್ಕ್ ಕಟ್ಟಿದಳು, ಒಂದು ಮೇಣದಬತ್ತಿಯ ತುಂಡು ಹಿಡಿದುಕೊಂಡು ಯಂತ್ರದ ಪಕ್ಕ ಕೂತಳು. ದಾರದ ತುದಿಯನ್ನು ಮೇಣದ ಮೇಲೆ ಎಳೆದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಚಿಕ್ಕಮ್ಮನ ಕೈ ಅಭ್ಯಾಸಬಲದಿಂದ ಬಾಯಿಗೆ ಹೋಗುವುದು, ದಾರ ಮಾಸ್ಕಿಗೆ ಬಡಿಯುವುದು, ಅವಳು ಮಾಸ್ಕಿನೊಳಗೇ ಬೈಯುವುದು, ಅಮ್ಮ ಮೇಣ ಮುಂದೆ ಹಿಡಿಯುವುದು. ಬೀದಿಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ಅಮ್ಮ ಅಡುಗೆಮನೆಗೂ ಹೋಗತೊಡಗಿದಳು. ಆದರೆ ಬಡಿಸುವಾಗ ಅವಳ ಕೈ ಇನ್ನೂ ಹಿಂಜರಿಯುತ್ತಿತ್ತು, ಸ್ವಲ್ಪ ಬಡಿಸಿ ತಂಗಿಯ ಮುಖ ನೋಡುತ್ತಿದ್ದಳು. ಚಿಕ್ಕಮ್ಮ ಮೊದಲಿನಂತೆಯೇ ಸದ್ದಿಲ್ಲದೆ ತಿನ್ನುತ್ತಿದ್ದಳು.

ಹುಳುವಿನ ಮಾತ್ರೆ ಮತ್ತೆ ಶುರುವಾಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಆಯಿತು. ಕೊನೆಗೊಂದು ದಿನ ಡಾಕ್ಟರು ವರದಿ ಓದಿ, ಪಕ್ಕಕ್ಕಿಟ್ಟು, ಎದ್ದು ತಮ್ಮ ಕೋಟು ಬಿಚ್ಚಿದರು. ಪಿನ್ನು ತೆಗೆದು ಕೋಟನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿದರು.

"ಹುಳ ಇಲ್ಲ. ಕಿಡ್ನೀನೂ ಹಾದಿಗೆ ಬಂದಿದೆ. ಈಗ ಹೊಲೀರಿ."

ಚಿಕ್ಕಮ್ಮ ಸೂಜಿ ತೆಗೆದಳು. ದಾರ ಸೂಜಿಯ ಕಣ್ಣು ತಪ್ಪಿಸಿಕೊಂಡು ಅತ್ತಿತ್ತ ಹೋಯಿತು. "ಕೊಡಿಲ್ಲಿ," ಎಂದು ಅಮ್ಮ ಕಿತ್ತುಕೊಂಡಳು. ಕನ್ನಡಕ ಏರಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ದಾರದ ತುದಿಯನ್ನು ಸೀದಾ ತನ್ನ ಬಾಯಿಗೆ ಒಯ್ದಳು.

"ಬಾಯಿಗೆ ಬೇಡ!" ಡಾಕ್ಟರೂ ಚಿಕ್ಕಮ್ಮನೂ ಒಟ್ಟಿಗೆ ಕೂಗಿದರು.

ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಗಾಬರಿಯಾಗಿ ಬಾಗಿಲು ತೆರೆದು ಇಣುಕಿದ. ನಾವು ನಾಲ್ವರೂ ನಗುತ್ತಿದ್ದೆವು. ಅಮ್ಮ ಚೀಲದಿಂದ ಮೇಣದ ತುಂಡು ಹುಡುಕಿ ತೆಗೆದು, ಮೂರು ಸಲ ತಪ್ಪಿ, ನಾಲ್ಕನೆಯ ಸಲ ಪೋಣಿಸಿಕೊಟ್ಟಳು. ಚಿಕ್ಕಮ್ಮ ಗುಂಡಿ ಹೊಲಿದಳು. ಕೊನೆಯಲ್ಲಿ ದಾರ ಕಚ್ಚಿ ತುಂಡರಿಸಲು ತಲೆ ಬಗ್ಗಿಸಿದವಳು ತಾನಾಗಿಯೇ ತಡೆದಳು, ಕೈ ಚಾಚಿ ಮೇಜಿನ ಮೇಲಿನ ಕತ್ತರಿ ಕೇಳಿ ಇಸಿದುಕೊಂಡಳು.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಅವಳು ಒಮ್ಮೆಲೇ ನಿಂತಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಮತ್ತೆ ನೋವೇನೋ ಎಂದು ನನ್ನ ಜೀವ ಹಾರಿಹೋಯಿತು.

"ಅಕ್ಕಾ," ಎಂದಳು, ತಾನೇ ನಂಬದವಳಂತೆ. "ನಂಗೆ ಹಸಿವಾಗ್ತಿದೆ."

ಅಮ್ಮ ಒಂದು ಮೆಟ್ಟಿಲು ಕೆಳಗಿದ್ದಳು. ಹಿಂದಿರುಗಿ ನೋಡಿದಳು.

"ಏನಂದೆ? ಇನ್ನೊಂದ್ಸಲ ಹೇಳು."

ಚಿಕ್ಕಮ್ಮ ಇನ್ನೊಮ್ಮೆ ಹೇಳಿದಳು. ಬಸ್ಸಿನಲ್ಲಿ ಕೂತ ಮೇಲೆ ಅಮ್ಮ ಮತ್ತೆ ಕೇಳಿದಳು, ಅವಳು ಮತ್ತೆ ಹೇಳಿದಳು. ಮನೆಯ ಬೀಗ ತೆಗೆಯುವಾಗಲೂ ಕೇಳಿದಳು. ನನಗೆ ಮೈ ಉರಿಯಲಿಲ್ಲ, ಪ್ರತಿ ಸಲವೂ ಕೇಳಿಸಿಕೊಂಡೆ.